ಮನೆಯಿಂದ ಆಫೀಸ್ ವಿಪಿಎನ್: ಫೋನಿನಲ್ಲಿ ಸಾಫ್ಟ್ ಟೋಕನ್ ಹಾಕಿಕೊಳ್ಳುವ ಬಗೆ

ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಕಂಪನಿಯಲ್ಲಿ ನಾನು ಐಟಿ ಸಪೋರ್ಟ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಆಫೀಸಿಗೆ ಬರುವುದು ವಾರಕ್ಕೆ ಒಂದೆರಡು ದಿನ ಮಾತ್ರ. ಉಳಿದ ದಿನ ಧಾರವಾಡ, ಗದಗ, ಹಾವೇರಿ, ರಾಣೆಬೆನ್ನೂರಿನ ಮನೆಗಳಿಂದಲೇ ಕೆಲಸ. ಹೊಸಬರು ಸೇರಿದ ಕೂಡಲೇ ಅವರಿಗೆ ಒಂದು ಮೇಲ್ ಹೋಗುತ್ತದೆ: ‘ನಿಮ್ಮ ಸಾಫ್ಟ್ ಟೋಕನ್ ನೋಂದಾಯಿಸಿಕೊಳ್ಳಿ’. ಎಲ್ಲೆಲ್ಲಿ ಒತ್ತಬೇಕು ಎಂದು ಅದರಲ್ಲಿ ಇರುತ್ತದೆ. ಯಾಕೆ ಎಂದು ಇರುವುದಿಲ್ಲ. ಒತ್ತಿದ್ದಾಯಿತು, ಕೆಲಸ ನಡೆಯಿತು. ತಿಂಗಳು ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಫೋನ್ ಬರುತ್ತದೆ: “ಅಕ್ಕಾರ, ಕೋಡ್ ತಗೋವಲ್ದು ನೋಡ್ರಿ.”

ಆ ಫೋನುಗಳಲ್ಲಿ ನಾನು ಹೇಳುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಟೋಕನ್, ಅಂದರೆ ವಿಪಿಎನ್‌ಗೆ ಲಾಗಿನ್ ಆಗಲು ಬೇಕಾದ ಕೋಡ್ ಕೊಡುವ ಆ್ಯಪ್, ಹಾಕಿಕೊಳ್ಳುವುದು ಕಾಲು ಗಂಟೆಯ ಕೆಲಸ. ಆದರೆ ಅದರೊಳಗೆ ಏನಿದೆ ಎಂದು ಒಮ್ಮೆ ತಿಳಿದುಕೊಂಡರೆ, ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವನ್ನು ನೀವೇ ಬಿಡಿಸಿಕೊಳ್ಳಬಹುದು. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಟೋಕನ್ ಒಳಗೆ ಏನಿದೆ

ವಿಪಿಎನ್ ನಿಮ್ಮ ಲ್ಯಾಪ್‌ಟಾಪನ್ನು ಆಫೀಸಿನ ನೆಟ್‌ವರ್ಕಿಗೆ ಸೇರಿಸುತ್ತದೆ. ನೀವು ಹಾವೇರಿಯ ಮನೆಯಲ್ಲಿ ಕೂತಿದ್ದರೂ, ಒಮ್ಮೆ ಒಳಗೆ ಬಂದರೆ ಆಫೀಸಿನ ಮೇಜಿನ ಮುಂದೆ ಕೂತ ಹಾಗೆಯೇ. ಅದಕ್ಕೇ ಅಲ್ಲಿಗೆ ಪಾಸ್‌ವರ್ಡ್ ಒಂದೇ ಸಾಲದು. 2021ರಲ್ಲಿ ಅಮೆರಿಕದಲ್ಲಿ ಪೆಟ್ರೋಲ್, ಡೀಸೆಲ್ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕಂಪನಿಯೊಳಗೆ ಕಳ್ಳರು ನುಗ್ಗಿದ್ದು ಒಂದು ಹಳೆಯ ವಿಪಿಎನ್ ಖಾತೆಯಿಂದ. ಆ ಖಾತೆಗೆ ಪಾಸ್‌ವರ್ಡ್ ಬಿಟ್ಟರೆ ಬೇರೆ ಕಾವಲು ಇರಲಿಲ್ಲ. ಕಂಪನಿ ಪೈಪ್‌ಲೈನನ್ನೇ ನಿಲ್ಲಿಸಬೇಕಾಯಿತು. ಕಳ್ಳರು ಬೀಗ ಹಾಕಿದ ಕಂಪ್ಯೂಟರ್‌ಗಳನ್ನು ಬಿಡಿಸಿಕೊಳ್ಳಲು ಸುಮಾರು 44 ಲಕ್ಷ ಡಾಲರ್ ಬೆಲೆಯ ಬಿಟ್‌ಕಾಯಿನ್ ತೆತ್ತಿತು. ಒಂದು ಖಾತೆ, ಒಂದು ಪಾಸ್‌ವರ್ಡ್, ಅಷ್ಟೇ.

ಆ ಎರಡನೇ ಕಾವಲೇ ಟೋಕನ್. ಮೊದಲು ಇದು ಕೀ ಚೈನಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರವಾಗಿತ್ತು. ಅದರ ಪರದೆಯ ಮೇಲೆ ಸಂಖ್ಯೆ ಬದಲಾಗುತ್ತಾ ಇರುತ್ತಿತ್ತು. ಈಗ ಅದೇ ಕೆಲಸವನ್ನು ಫೋನಿನ ಒಂದು ಆ್ಯಪ್ ಮಾಡುತ್ತದೆ. ಅದಕ್ಕೇ ‘ಸಾಫ್ಟ್’ ಟೋಕನ್.

ಆ್ಯಪ್ ಒಳಗೆ ಇರುವುದು ಎರಡೇ ಸಂಗತಿ. ಒಂದು, ನಿಮಗೆಂದೇ ಹುಟ್ಟಿಸಿದ ಉದ್ದನೆಯ ಗುಟ್ಟಿನ ಸಂಖ್ಯೆ. ನಾವು ಇದನ್ನು ಸೀಡ್ ಅನ್ನುತ್ತೇವೆ. ಇನ್ನೊಂದು, ಈಗಿನ ಸಮಯ. ಎರಡನ್ನೂ ಸೇರಿಸಿ ಲೆಕ್ಕ ಮಾಡಿದರೆ ಆರಂಕಿಯ ಕೋಡ್ ಬರುತ್ತದೆ. ಅದೇ ಸೀಡಿನ ಇನ್ನೊಂದು ಪ್ರತಿ ಆಫೀಸಿನ ಸರ್ವರ್‌ನಲ್ಲೂ ಇದೆ. ಅದೂ ಅದೇ ಲೆಕ್ಕ ಮಾಡಿ, ಉತ್ತರ ತಾಳೆ ನೋಡುತ್ತದೆ. ಒಂದೇ ಪಂಚಾಂಗದ ಎರಡು ಪ್ರತಿ ಇವೆ ಅಂದುಕೊಳ್ಳಿ. ಒಂದು ಹುಬ್ಬಳ್ಳಿಯ ಮನೆಯಲ್ಲಿ, ಇನ್ನೊಂದು ಗದಗಿನ ಮನೆಯಲ್ಲಿ. ಒಬ್ಬರಿಗೊಬ್ಬರು ಫೋನ್ ಮಾಡದೆಯೇ ಇಬ್ಬರೂ ಇವತ್ತಿನ ತಿಥಿ ಯಾವುದು ಎಂದು ಒಂದೇ ಉತ್ತರ ಹೇಳುತ್ತಾರೆ. ಪುಸ್ತಕ ಒಂದೇ, ದಿನವೂ ಒಂದೇ.

ಬಹಳಷ್ಟು ಆ್ಯಪ್‌ಗಳು ಮಾಡುವ ಲೆಕ್ಕ 2011ರಲ್ಲಿ ಬಂದ ಆರ್‌ಎಫ್‌ಸಿ 6238 ಎಂಬ ನಿಯಮದ್ದು. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದಿದೆ ಎಂದು ನೋಡಿ, ಅದನ್ನು 30ರಿಂದ ಭಾಗಿಸುತ್ತದೆ. ಅದಕ್ಕೇ 30 ಸೆಕೆಂಡಿಗೊಮ್ಮೆ ಕೋಡ್ ಬದಲಾಗುವುದು. ಆರ್‌ಎಸ್‌ಎ ಕಂಪನಿಯ ಸೆಕ್ಯೂರ್‌ಐಡಿ ಎಂಬ ಟೋಕನ್ನಿನದ್ದು ಬೇರೆ ಲೆಕ್ಕ. ಅಲ್ಲಿ ಸಾಮಾನ್ಯವಾಗಿ 60 ಸೆಕೆಂಡು.

ಇದರಿಂದ ಮೂರು ಮಾತು ಹೊರಡುತ್ತವೆ. ಕೋಡ್ ತೋರಿಸಲು ಫೋನಿಗೆ ನೆಟ್ ಬೇಡ, ಸಿಮ್ ಬೇಡ. ಗಡಿಯಾರ ತಪ್ಪಿದರೆ ಕೋಡ್ ತಪ್ಪುತ್ತದೆ. ಸೀಡ್ ಯಾರ ಕೈಗೆ ಸಿಗುತ್ತದೋ ಅವರಿಗೂ ನಿಮ್ಮ ಕೋಡೇ ಬರುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಮೂರರಿಂದಲೇ ಬಂದದ್ದು.

ಶುರು ಮಾಡುವ ಮೊದಲು

ಸಾಧ್ಯವಾದರೆ ಆಫೀಸಿನಲ್ಲಿ ಕೂತೇ ಮಾಡಿಕೊಳ್ಳಿ. ಎಷ್ಟೋ ಕಂಪನಿಗಳಲ್ಲಿ ನೋಂದಣಿಯ ಪುಟ ಒಳಗಿನ ನೆಟ್‌ವರ್ಕಿನಲ್ಲಿ ಮಾತ್ರ ತೆರೆಯುತ್ತದೆ. ಅಂದರೆ ಟೋಕನ್ ಇಲ್ಲದೆ ವಿಪಿಎನ್ ಇಲ್ಲ, ವಿಪಿಎನ್ ಇಲ್ಲದೆ ಟೋಕನ್ ಇಲ್ಲ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ತೆಗೆದುಕೊಂಡು ಊರಿಗೆ ಹೊರಡುವವರು ಇದನ್ನು ಮಧ್ಯಾಹ್ನವೇ ಮುಗಿಸಿ, ಫೋನಿನ ಹಾಟ್‌ಸ್ಪಾಟ್‌ನಿಂದ ಒಮ್ಮೆ ವಿಪಿಎನ್‌ಗೆ ಹೋಗಿ ಬರಬೇಕು. ಆಫೀಸಿನ ವೈಫೈನಲ್ಲಿ ಪರೀಕ್ಷೆ ಮಾಡಿದರೆ ಲೆಕ್ಕಕ್ಕಿಲ್ಲ, ನೀವು ಆಗಲೇ ಒಳಗೇ ಇದ್ದೀರಿ.

ಫೋನಿಗೆ ಸ್ಕ್ರೀನ್ ಲಾಕ್ ಇರಲೇಬೇಕು. ಪಿನ್ ಆಗಲಿ, ಬೆರಳಚ್ಚು ಆಗಲಿ. ಲಾಕ್ ಇಲ್ಲದ ಫೋನಿನಲ್ಲಿ ಕೆಲವು ಆ್ಯಪ್‌ಗಳು ಟೋಕನ್ ಹಾಕಲು ಬಿಡುವುದೇ ಇಲ್ಲ.

ಆ್ಯಪ್ ಯಾವುದು ಎಂದು ಮೇಲ್‌ನಲ್ಲಿ ಹೇಳಿರುತ್ತಾರೆ. ಮೈಕ್ರೋಸಾಫ್ಟ್ ಅಥೆಂಟಿಕೇಟರ್, ಗೂಗಲ್ ಅಥೆಂಟಿಕೇಟರ್, ಆರ್‌ಎಸ್‌ಎ, ಫೋರ್ಟಿಟೋಕನ್, ಡುಯೊ ಹೀಗೆ ಯಾವುದೋ ಒಂದು. ಪ್ಲೇ ಸ್ಟೋರಿನಲ್ಲಿ ಸುಮ್ನೆ ‘ಅಥೆಂಟಿಕೇಟರ್’ ಎಂದು ಹುಡುಕಿ ಮೊದಲು ಕಂಡದ್ದನ್ನು ಇಳಿಸಿಕೊಳ್ಳಬೇಡಿ. ಮೇಲಿನ ಸಾಲಿನಲ್ಲಿ ಜಾಹೀರಾತು ಇರುತ್ತದೆ. ಹೆಸರು, ಚಿತ್ರ ಎರಡೂ ಹೋಲುವ ಆ್ಯಪ್‌ಗಳು ಇರುತ್ತವೆ. ಹೆಸರಿನ ಕೆಳಗೆ ಅದನ್ನು ಮಾಡಿದ ಕಂಪನಿ ಯಾವುದು ಎಂದು ನೋಡಿ. ಮೇಲ್‌ನಲ್ಲಿ ಕೊಟ್ಟ ಲಿಂಕಿನಿಂದ ಹೋಗುವುದಾದರೆ, ಆ ಮೇಲ್ ನಿಮ್ಮ ಐಟಿ ವಿಭಾಗದ್ದೇ ಹೌದೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ.

ಒಂದು ಪ್ರಶ್ನೆ ಇಲ್ಲೇ ಬರುತ್ತದೆ. “ನಮ್ ಸ್ವಂತ ಫೋನಿಗೆ ಹಾಕಿದ್ರ ಕಂಪನಿಯವ್ರು ಫೋಟೋ ಗೀಟೋ ನೋಡ್ತಾರೇನ್ರಿ?” ಕೇಳಬೇಕಾದ ಪ್ರಶ್ನೆಯೇ. ಬರೀ ಟೋಕನ್ ಆ್ಯಪ್ ಆದರೆ ಅದಕ್ಕೆ ಕ್ಯೂಆರ್ ಓದಲು ಕ್ಯಾಮೆರಾ ಬೇಕು, ಕೆಲವಕ್ಕೆ ನೋಟಿಫಿಕೇಷನ್ ಬೇಕು. ನಿಮ್ಮ ಫೋಟೋ, ವಾಟ್ಸ್‌ಆ್ಯಪ್ ಅದರ ಕೆಲಸಕ್ಕೆ ಬೇಕಿಲ್ಲ. ಆದರೆ ಕಂಪನಿಯ ಮೇಲ್‌ಗೆ ಎಂದು ಫೋನನ್ನೇ ಕಂಪನಿಯ ನಿಗಾಕ್ಕೆ ಒಪ್ಪಿಸುವ ಆ್ಯಪ್ ಹಾಕಿಕೊಳ್ಳಿ ಅಂದರೆ ಅದು ಬೇರೆ ವಿಷಯ. ಅದರಲ್ಲಿ ಏನೇನು ನೋಡಬಹುದು, ಏನನ್ನು ಅಳಿಸಬಹುದು ಎಂದು ಕೇಳಿ ತಿಳಿದು, ಆಮೇಲೆ ಒಪ್ಪಿಕೊಳ್ಳಿ. ಎರಡನ್ನೂ ಒಂದೇ ಮಾಡಿ ಹೆದರಬೇಡಿ.

ಕ್ಯೂಆರ್ ಕೋಡ್: ಇಲ್ಲಿ ಸ್ವಲ್ಪ ನಿಧಾನಿಸಿ

ಲ್ಯಾಪ್‌ಟಾಪಿನಲ್ಲಿ ನೋಂದಣಿಯ ಪುಟ ತೆರೆಯಿರಿ. ಪರದೆಯ ಮೇಲೆ ಕಪ್ಪು ಬಿಳಿ ಚೌಕ ಬರುತ್ತದೆ. ಫೋನಿನ ಆ್ಯಪ್‌ನಲ್ಲಿ ಪ್ಲಸ್ ಗುರುತು ಒತ್ತಿ ಅದಕ್ಕೆ ಹಿಡಿಯಿರಿ. ಸಾಮಾನ್ಯ ಕ್ಯಾಮೆರಾದಿಂದ ಅಲ್ಲ, ಟೋಕನ್ ಆ್ಯಪ್ ಒಳಗಿನ ಕ್ಯಾಮೆರಾದಿಂದಲೇ ಹಿಡಿಯಬೇಕು. ಎರಡೇ ಸೆಕೆಂಡಿನಲ್ಲಿ ನಿಮ್ಮ ಹೆಸರು, ಕೋಡ್ ಬರುತ್ತದೆ. ಅದನ್ನು ಪುಟದಲ್ಲಿ ಹೊಡೆದರೆ ನೋಂದಣಿ ಮುಗಿಯಿತು.

ಇಷ್ಟು ಸಲೀಸಾಗಿ ಆಗುವುದರಿಂದಲೇ ಆ ಚೌಕಕ್ಕೆ ಬೆಲೆ ಇಲ್ಲ ಅನ್ನಿಸಿಬಿಡುತ್ತದೆ. ಗೂಗಲ್ ಅಥೆಂಟಿಕೇಟರ್ ಬಗೆಯ ಆ್ಯಪ್‌ಗಳಲ್ಲಿ ಆ ಚೌಕದೊಳಗೆ ಸೀಡೇ ಬರೆದಿರುತ್ತದೆ. ಮುಚ್ಚುಮರೆಯಿಲ್ಲದೆ. ಪಕ್ಕದಲ್ಲಿ ನಿಂತವರು ತಮ್ಮ ಫೋನ್ ಹಿಡಿದರೆ ಅವರ ಫೋನಿನಲ್ಲೂ ನಿಮ್ಮದೇ ಕೋಡ್ ಓಡುತ್ತದೆ. ಇವತ್ತಿಗೆ ಮಾತ್ರವಲ್ಲ, ಆ ಟೋಕನ್ ರದ್ದಾಗುವವರೆಗೂ. ಹಾಗಾಗಿ ಅದರ ಸ್ಕ್ರೀನ್‌ಶಾಟ್ ತೆಗೆಯಬೇಡಿ. ಗ್ಯಾಲರಿಯಲ್ಲಿ ಬಿದ್ದ ಚಿತ್ರ ತಾನಾಗಿಯೇ ಕ್ಲೌಡಿಗೆ ಹೋಗಿ ಕೂರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸ್ನೇಹಿತರಿಗೆ ಕಳಿಸಿ ‘ಇದು ಯಾಕೆ ಸ್ಕ್ಯಾನ್ ಆಗ್ತಿಲ್ಲ ನೋಡು’ ಎನ್ನಬೇಡಿ. ನನಗೂ ಕಳಿಸಬೇಡಿ. ಕಳಿಸಿದ್ದೇ ಆದರೆ ನಾನು ಮಾಡುವ ಮೊದಲ ಕೆಲಸ ಆ ಟೋಕನ್ ರದ್ದು ಮಾಡಿ ಹೊಸದು ಕೊಡುವುದು.

ಸೀಡಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 2011ರ ಮಾರ್ಚ್‌ನಲ್ಲಿ ಟೋಕನ್ ತಯಾರಿಸುವ ಆರ್‌ಎಸ್‌ಎ ಕಂಪನಿಯೊಳಗೇ ಕಳ್ಳರು ನುಗ್ಗಿ ಸೆಕ್ಯೂರ್‌ಐಡಿಗೆ ಸೇರಿದ ಮಾಹಿತಿ ಕದ್ದರು. ಅದನ್ನು ಬಳಸಿ ಲಾಕ್‌ಹೀಡ್ ಮಾರ್ಟಿನ್ ಎಂಬ ರಕ್ಷಣಾ ಕಂಪನಿಯ ಮೇಲೆ ದಾಳಿಗೆ ಕೈ ಹಾಕಿದರು. ಆಮೇಲೆ ಆರ್‌ಎಸ್‌ಎ ತನ್ನ ಗ್ರಾಹಕರಿಗೆ ಟೋಕನ್ ಬದಲಿಸಿಕೊಡಲು ಮುಂದಾಗಬೇಕಾಯಿತು. ಗುಟ್ಟಿನ ಸಂಖ್ಯೆ ಸೋರಿದ ಮೇಲೆ ಟೋಕನ್ ರಿಪೇರಿ ಆಗುವುದಿಲ್ಲ. ಬದಲಿಸುವುದೊಂದೇ ದಾರಿ.

ಆರ್‌ಎಸ್‌ಎ, ಫೋರ್ಟಿಟೋಕನ್ ಕಡೆ ಕ್ಯೂಆರ್ ಬದಲು ಒಂದು ಲಿಂಕೋ ಆ್ಯಕ್ಟಿವೇಷನ್ ಕೋಡೋ ಬರಬಹುದು. ಅದಕ್ಕೆ ಗಡುವು ಇರುತ್ತದೆ. ‘ಭಾನುವಾರ ನೋಡೋಣ’ ಎಂದು ಬಿಟ್ಟರೆ ಸತ್ತಿರುತ್ತದೆ. ಹಾಗಾದರೆ ಗಾಬರಿ ಬೇಡ, ಹೊಸದು ಕೇಳಿ.

ಕ್ಯಾಮೆರಾ ಕೆಟ್ಟಿದ್ದರೆ, ಅಥವಾ ಪುಟ ಅದೇ ಫೋನಿನಲ್ಲಿ ತೆರೆದಿದ್ದರೆ, ಕೈಯಿಂದ ಕೀ ಹೊಡೆಯುವ ದಾರಿ ಇರುತ್ತದೆ. ಇಲ್ಲಿ ಒಂದು ಉಪಯೋಗದ ವಿಷಯ. ಆ ಕೀಯಲ್ಲಿ ಬರುವುದು ಇಂಗ್ಲಿಷಿನ 26 ಅಕ್ಷರ ಮತ್ತು 2ರಿಂದ 7ರವರೆಗಿನ ಅಂಕಿ ಮಾತ್ರ. ಸೊನ್ನೆ, ಒಂದು, ಎಂಟು, ಒಂಬತ್ತು ಬರುವುದೇ ಇಲ್ಲ. ಸೊನ್ನೆಯ ಹಾಗೆ ಕಂಡರೆ ಅದು ‘ಓ’ ಅಕ್ಷರ. ಒಂದರ ಹಾಗೆ ಕಂಡರೆ ‘ಐ’ ಅಥವಾ ‘ಎಲ್’. ಟೈಮ್ ಬೇಸ್ಡ್, ಕೌಂಟರ್ ಬೇಸ್ಡ್ ಎಂದು ಎರಡು ಆಯ್ಕೆ ತೋರಿಸಿದರೆ ಟೈಮ್ ಬೇಸ್ಡ್ ಆರಿಸಿ.

ಪಿನ್ ಇರುವ ಟೋಕನ್

ಇದು ಆರ್‌ಎಸ್‌ಎ ಬಳಸುವವರಿಗೆ. ಉಳಿದವರು ಬಿಟ್ಟು ಮುಂದೆ ಹೋಗಬಹುದು.

ಮೊದಲ ಸಲ ನಿಮಗೆ ಪಿನ್ ಇರುವುದಿಲ್ಲ. ಆ್ಯಪ್ ಪಿನ್ ಕೇಳಿದಾಗ ಖಾಲಿ ಬಿಟ್ಟು ಮುಂದೆ ಹೋಗಿ, ಬಂದ ಕೋಡನ್ನು ವಿಪಿಎನ್‌ನಲ್ಲಿ ಹೊಡೆಯಿರಿ. ಆಗ ವಿಪಿಎನ್ ಹೊಸ ಪಿನ್ ಮಾಡಿಕೊಳ್ಳಲು ಹೇಳುತ್ತದೆ. ಎಷ್ಟು ಅಂಕಿ ಎಂದು ಅಲ್ಲೇ ತೋರಿಸುತ್ತದೆ. ಹುಟ್ಟಿದ ವರ್ಷ, ಗಾಡಿ ನಂಬರ್, ಎಟಿಎಂ ಪಿನ್ ಬೇಡ. ಪಿನ್ ಒಪ್ಪಿದ ಮೇಲೆ ಅದು ಮತ್ತೊಮ್ಮೆ ಕೋಡ್ ಕೇಳುತ್ತದೆ. ಒಮ್ಮೆ ಬಳಸಿದ ಕೋಡ್ ಎರಡನೇ ಸಲ ನಡೆಯುವುದಿಲ್ಲ. ಸಂಖ್ಯೆ ಬದಲಾಗುವವರೆಗೆ ಕಾಯಿರಿ.

ಆಮೇಲಿನ ದಿನಗಳಲ್ಲಿ ಆ್ಯಪ್ ತೆರೆದು ಪಿನ್ ಹೊಡೆದರೆ ಎಂಟಂಕಿಯ ಪಾಸ್‌ಕೋಡ್ ಬರುತ್ತದೆ. ಇಲ್ಲೊಂದು ಸಂಗತಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ತಪ್ಪು ಪಿನ್ ಹೊಡೆದರೂ ಆ್ಯಪ್ ‘ತಪ್ಪು’ ಎನ್ನುವುದಿಲ್ಲ. ಅದಕ್ಕೆ ನಿಮ್ಮ ಪಿನ್ ಗೊತ್ತಿಲ್ಲ. ಕೊಟ್ಟ ಅಂಕಿಯನ್ನು ಸೇರಿಸಿ ಒಂದು ಸಂಖ್ಯೆ ತೋರಿಸುತ್ತದೆ, ಅಷ್ಟೇ. ತಪ್ಪು ಎಂದು ಹೇಳುವುದು ವಿಪಿಎನ್. ಹಾಗಾಗಿ ‘ಆ್ಯಪ್ ಸರಿಯಾಗೇ ಕೋಡ್ ಕೊಟ್ಟಿದೆ, ವಿಪಿಎನ್ನೇ ಕೆಟ್ಟಿದೆ’ ಎಂದು ತೀರ್ಮಾನಿಸುವ ಮೊದಲು ಪಿನ್ ಇನ್ನೊಮ್ಮೆ ನಿಧಾನವಾಗಿ ಹೊಡೆದು ನೋಡಿ.

ಕೆಲವು ಸಲ ತಪ್ಪಿದ ಮೇಲೆ ಸರಿಯಾದ ಕೋಡ್ ಕೊಟ್ಟರೂ ವಿಪಿಎನ್ ‘ಮುಂದಿನ ಕೋಡ್ ಕೊಡಿ’ ಎಂದು ಕೇಳುತ್ತದೆ. ಇದು ದೋಷವಲ್ಲ. ಟೋಕನ್ ನಿಜವಾಗಿ ನಿಮ್ಮ ಕೈಯಲ್ಲೇ ಇದೆಯೋ ಎಂದು ಅದು ಪರೀಕ್ಷಿಸುತ್ತಿದೆ. ಕಿಟಕಿ ಮುಚ್ಚಬೇಡಿ. ಸಂಖ್ಯೆ ಬದಲಾಗಲಿ, ಹೊಸದನ್ನು ಹೊಡೆಯಿರಿ, ಒಳಗೆ ಬಿಡುತ್ತದೆ.

ವಿಪಿಎನ್ ಕಿಟಕಿಯಲ್ಲಿ ಏನು ಎಲ್ಲಿ

ಸಿಸ್ಕೋ ಸೆಕ್ಯೂರ್ ಕ್ಲೈಂಟ್ (ಹಳಬರ ಬಾಯಲ್ಲಿ ಇನ್ನೂ ಎನಿಕನೆಕ್ಟ್), ಗ್ಲೋಬಲ್‌ಪ್ರೊಟೆಕ್ಟ್, ಫೋರ್ಟಿಕ್ಲೈಂಟ್: ಕಂಪನಿ ಬೇರೆಯಾದರೆ ಕಿಟಕಿಯೂ ಬೇರೆ. ಸರ್ವರ್ ವಿಳಾಸವನ್ನು ಐಟಿ ಕೊಟ್ಟ ಹಾಗೆಯೇ ಹಾಕಿ. ಕೋಡ್ ಎಲ್ಲಿ ಹೊಡೆಯಬೇಕು ಎನ್ನುವಲ್ಲಿ ಮೂರು ಪದ್ಧತಿ ಕಂಡಿದ್ದೇನೆ. ಒಂದರಲ್ಲಿ ಪಾಸ್‌ವರ್ಡ್ ಕೆಳಗೆ ‘ಸೆಕೆಂಡ್ ಪಾಸ್‌ವರ್ಡ್’ ಎಂಬ ಜಾಗ ಇರುತ್ತದೆ, ಕೋಡ್ ಅಲ್ಲಿಗೆ. ಇನ್ನೊಂದರಲ್ಲಿ ಪಾಸ್‌ವರ್ಡ್ ಕೊಟ್ಟ ಮೇಲೆ ಕೋಡಿಗೆ ಬೇರೆ ಕಿಟಕಿ ಬರುತ್ತದೆ. ಮೂರನೆಯದರಲ್ಲಿ ಪಾಸ್‌ವರ್ಡ್ ಜಾಗದಲ್ಲೇ ಟೋಕನ್ ಪಾಸ್‌ಕೋಡ್ ಹೊಡೆಯಬೇಕು, ವಿಂಡೋಸ್ ಪಾಸ್‌ವರ್ಡ್ ಬೇಡವೇ ಬೇಡ. ನಿಮ್ಮದು ಯಾವುದು ಎಂದು ಕೇಳಿಕೊಳ್ಳಿ. ಊಹೆ ಮಾಡಿ ಮಾಡಿ ಹೊಡೆದರೆ ಖಾತೆ ಲಾಕ್ ಆಗುತ್ತದೆ.

ಕೋಡ್ ಪಕ್ಕದಲ್ಲಿ ಕರಗುವ ವೃತ್ತವೋ ಗೆರೆಯೋ ಇರುತ್ತದೆ. ಅದು ಮುಗಿಯಲು ಬಂದಿದ್ದರೆ ತಡೆಯಿರಿ, ಹೊಸದು ಬಂದ ಮೇಲೆ ಶುರು ಮಾಡಿ. ನಮ್ಮ ಅಕೌಂಟ್ಸ್ ವಿಭಾಗದಲ್ಲಿ ಕನ್ನಡಕ ಹಾಕಿ ನಿಧಾನವಾಗಿ ಟೈಪ್ ಮಾಡುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಇದೊಂದನ್ನು ಹೇಳಿಕೊಟ್ಟ ಮೇಲೆ ತೊಂದರೆಯೇ ಬಂದಿಲ್ಲ.

ಜೂನ್, ಜುಲೈ ಮಳೆಯಲ್ಲಿ ಧಾರವಾಡದ ಕಡೆ ಕರೆಂಟು ಹೋಗುತ್ತದೆ. ರೂಟರ್ ಆರುತ್ತದೆ, ಫೋನಿನ ಹಾಟ್‌ಸ್ಪಾಟಿಗೆ ಹೋಗುತ್ತೀರಿ, ವಿಪಿಎನ್ ಕಡಿದು ಮತ್ತೆ ಕೋಡ್ ಕೇಳುತ್ತದೆ. ಈಗ ನೆಟ್ ಕೊಡುವುದೂ ಅದೇ ಫೋನು, ಕೋಡ್ ಕೊಡುವುದೂ ಅದೇ ಫೋನು. ಹಾಟ್‌ಸ್ಪಾಟ್ ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಫೋನ್ ಆರಿದರೆ ಎರಡೂ ಹೋದವು. ಮನೆಯಿಂದಲೇ ಕೆಲಸ ಮಾಡುವವರು ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದಾಗದಿದ್ದರೆ ಪವರ್ ಬ್ಯಾಂಕ್ ಇರಲಿ.

ಗಡಿಯಾರ

‘ಕೋಡ್ ತಗೋವಲ್ದು’ ಎಂಬ ಫೋನ್ ಬಂದರೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಫೋನಿನ ಟೈಮ್ ಆಟೊಮ್ಯಾಟಿಕ್ ಇದೆಯಾ?

ಹಾವೇರಿಯಿಂದ ಬರುವ ಸಹೋದ್ಯೋಗಿಯೊಬ್ಬರು ಬಸ್ ತಪ್ಪಬಾರದು ಎಂದು ಫೋನಿನ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರು. ನಮ್ಮ ಮನೆಗಳ ಗೋಡೆ ಗಡಿಯಾರ ಹೀಗೇ ಇರುತ್ತವೆ, ಅಲ್ವಾ? ಆದರೆ ಟೋಕನ್‌ಗೆ ಹತ್ತು ನಿಮಿಷ ಅಂದರೆ ಇಪ್ಪತ್ತು ಕೋಡ್ ಮುಂದೆ. ಸರ್ವರ್ ಸಾಮಾನ್ಯವಾಗಿ ಈಗಿನ ಕೋಡ್, ಜೊತೆಗೆ ಅಕ್ಕಪಕ್ಕದ ಒಂದೊಂದನ್ನು ಒಪ್ಪುತ್ತದೆ. ಇಪ್ಪತ್ತನೆಯದನ್ನು ಒಪ್ಪುವುದಿಲ್ಲ.

ಇನ್ನೊಬ್ಬರ ಕತೆ ಇದಕ್ಕಿಂತ ಸೂಕ್ಷ್ಮ. ದುಬೈನಲ್ಲಿ ಕೆಲಸದ ಮೇಲಿದ್ದವರು ತಂಗಿಯ ಮದುವೆಗೆ ಗದಗಿಗೆ ಬಂದಿದ್ದರು. ಫೋನಿನ ಗಡಿಯಾರ ಸರಿಯಾಗೇ ಇತ್ತು, ಗೋಡೆ ಗಡಿಯಾರದ ಜೊತೆ ನಿಮಿಷ ಸಹಿತ ಹೊಂದುತ್ತಿತ್ತು. ಆದರೂ ಕೋಡ್ ತಪ್ಪು. ಕೇಳುತ್ತಾ ಹೋದಾಗ ಗೊತ್ತಾಯಿತು: ಆಟೊಮ್ಯಾಟಿಕ್ ತೆಗೆದುಹಾಕಿ, ಟೈಮ್ ಝೋನ್ ದುಬೈಯದ್ದೇ ಬಿಟ್ಟು, ಗಂಟೆಯನ್ನು ಮಾತ್ರ ಕೈಯಿಂದ ಒಂದೂವರೆ ತಾಸು ಮುಂದೆ ಮಾಡಿದ್ದರು. ಟೋಕನ್ ನೋಡುವುದು ನಮ್ಮ ಊರಿನ ಸಮಯವನ್ನಲ್ಲ, ಯುಟಿಸಿ ಎಂಬ ಜಗತ್ತಿಗೆಲ್ಲ ಒಂದೇ ಆದ ಸಮಯವನ್ನು. ಭಾರತ ಅದಕ್ಕಿಂತ ಐದೂವರೆ ತಾಸು ಮುಂದೆ, ದುಬೈ ನಾಲ್ಕು ತಾಸು ಮುಂದೆ. ಪರದೆಯ ಮೇಲೆ ಸರಿಯಾಗಿ ಕಂಡರೂ ಒಳಗಿನ ಲೆಕ್ಕ ಒಂದೂವರೆ ತಾಸು ಓಡಿಹೋಗಿತ್ತು. ಸಮಯ, ಝೋನ್ ಎರಡನ್ನೂ ಆಟೊಮ್ಯಾಟಿಕ್ ಮಾಡಿದ ತಕ್ಷಣ ಕೋಡ್ ನಡೆಯಿತು.

ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್ ತೆರೆದು ‘ಡೇಟ್ ಆ್ಯಂಡ್ ಟೈಮ್’ ಎಂದು ಹುಡುಕಿ. ಸಮಯ, ಟೈಮ್ ಝೋನ್ ಎರಡಕ್ಕೂ ಆಟೊಮ್ಯಾಟಿಕ್ ಇರಲಿ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಡೇಟ್ ಆ್ಯಂಡ್ ಟೈಮ್, ಅಲ್ಲಿ ‘ಸೆಟ್ ಆಟೊಮ್ಯಾಟಿಕಲಿ’. ಬಸ್ಸಿಗೆ ಅಲಾರಂ ಇಟ್ಟುಕೊಳ್ಳಿ.

ಕೋಡ್ ಕೇಳುವವರು, ಒಪ್ಪಿಗೆ ಕೇಳುವ ನೋಟಿಫಿಕೇಷನ್

ನಮ್ಮ ಕಡೆ ಜನ ನಂಬಿಗಸ್ಥರು. ಸಹಾಯ ಮಾಡುವವರ ಮುಂದೆ ಏನನ್ನೂ ಮುಚ್ಚಿಡುವುದಿಲ್ಲ. “ಈಗ ಬಂದಿರೋ ಕೋಡ್ ಹೇಳ್ಲೇನ್ರಿ ಅಕ್ಕಾರ?” ಎನ್ನುತ್ತಾರೆ. “ಬ್ಯಾಡ್ರಿ, ನನಗೂ ಹೇಳಬ್ಯಾಡ್ರಿ” ಎನ್ನುತ್ತೇನೆ. ನನ್ನ ಯಾವ ಕೆಲಸಕ್ಕೂ ನಿಮ್ಮ ಕೋಡ್ ಬೇಕಿಲ್ಲ. ಟೋಕನ್ ರದ್ದು ಮಾಡಲು ಬೇಡ, ಹೊಸದು ಕೊಡಲು ಬೇಡ, ಲಾಕ್ ತೆಗೆಯಲು ಬೇಡ. ಕೋಡ್ ಕೇಳಿದವರು ಐಟಿಯವರ ಹೆಸರು ಹೇಳಿದರೂ, ನಿಮ್ಮ ಮ್ಯಾನೇಜರ್ ಹೆಸರು ಹೇಳಿದರೂ ಫೋನ್ ಇಡಿ. ಆಮೇಲೆ ನಮ್ಮ ನಂಬರಿಗೆ ನೀವೇ ಫೋನ್ ಮಾಡಿ ತಿಳಿಸಿ.

ಕೆಲವು ಆ್ಯಪ್‌ಗಳಲ್ಲಿ ಕೋಡ್ ಹೊಡೆಯುವ ಬದಲು ‘ನೀವೇನಾ? ಒಪ್ಪಿಗೆಯೇ?’ ಎಂದು ನೋಟಿಫಿಕೇಷನ್ ಬರುತ್ತದೆ. ಇದಕ್ಕೆ ಮಾತ್ರ ಫೋನಿನಲ್ಲಿ ನೆಟ್ ಬೇಕು. ನೀವು ಲಾಗಿನ್ ಮಾಡದೆ ಇರುವಾಗ ಅದು ಬಂದರೆ ಅರ್ಥ ಒಂದೇ: ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ. 2022ರ ಸೆಪ್ಟೆಂಬರ್‌ನಲ್ಲಿ ಉಬರ್ ಕಂಪನಿಗೆ ಹೀಗೇ ಆಯಿತು. ಕಂಪನಿಯ ಗುತ್ತಿಗೆ ನೌಕರರೊಬ್ಬರ ಪಾಸ್‌ವರ್ಡ್ ಕಳ್ಳನ ಕೈ ಸೇರಿತ್ತು. ಅವನು ಮತ್ತೆ ಮತ್ತೆ ಲಾಗಿನ್ ಮಾಡುತ್ತಾ ಹೋದ. ಇವರಿಗೆ ಮತ್ತೆ ಮತ್ತೆ ಒಪ್ಪಿಗೆ ಕೇಳುವ ನೋಟಿಫಿಕೇಷನ್ ಬಂತು. ಕೊನೆಗೆ ಒಂದಕ್ಕೆ ಒಪ್ಪಿಬಿಟ್ಟರು. ರಾತ್ರಿ ನಿದ್ದೆಗಣ್ಣಿನಲ್ಲಿ ಬಂದರೂ ಬೇಡ ಎಂದೇ ಒತ್ತಿ. ಬೆಳಗಾಗುವವರೆಗೆ ಕಾಯದೆ ಪಾಸ್‌ವರ್ಡ್ ಬದಲಿಸಿ, ಹೆಲ್ಪ್‌ಡೆಸ್ಕಿಗೆ ತಿಳಿಸಿ.

ಇದೇ ಕಾರಣಕ್ಕೆ ಮೈಕ್ರೋಸಾಫ್ಟ್ 2023ರ ಮೇ ತಿಂಗಳಿಂದ ಲ್ಯಾಪ್‌ಟಾಪ್ ಪರದೆಯಲ್ಲಿ ಕಾಣುವ ಎರಡಂಕಿಯ ಸಂಖ್ಯೆಯನ್ನು ಫೋನಿನಲ್ಲಿ ಹೊಡೆಯುವುದನ್ನು ಕಡ್ಡಾಯ ಮಾಡಿತು. ಕೆಲವು ವಿಪಿಎನ್ ಕಿಟಕಿಗಳಿಗೆ ಆ ಸಂಖ್ಯೆ ತೋರಿಸಲು ಬರುವುದಿಲ್ಲ. ಅಲ್ಲಿ ಒಪ್ಪಿಗೆಯ ಬದಲು ಆರಂಕಿಯ ಕೋಡನ್ನೇ ಕೇಳುತ್ತದೆ. ‘ಮೇಲ್‌ಗೆ ಬೇರೆ ಥರ, ವಿಪಿಎನ್‌ಗೆ ಬೇರೆ ಥರ ಯಾಕೆ’ ಎಂದು ಕೇಳುವವರಿಗೆ ಉತ್ತರ ಇದು.

ಇನ್ನೊಂದನ್ನು ನೇರವಾಗಿ ಹೇಳಬೇಕು. ನಕಲಿ ಲಾಗಿನ್ ಪುಟದಲ್ಲಿ ನೀವೇ ಪಾಸ್‌ವರ್ಡ್, ಕೋಡ್ ಎರಡನ್ನೂ ಹೊಡೆದರೆ ಟೋಕನ್ ಕಾಪಾಡುವುದಿಲ್ಲ. ಆ ಮೂವತ್ತು ಸೆಕೆಂಡಿನೊಳಗೆ ಕಳ್ಳ ಅದನ್ನು ಅಸಲಿ ಪುಟಕ್ಕೆ ದಾಟಿಸಬಲ್ಲ. ಆದ್ದರಿಂದ ವಿಪಿಎನ್‌ಗೆ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಿರುವ ಆ್ಯಪ್‌ನಿಂದಲೇ ಹೋಗಿ. ಮೇಲ್, ಎಸ್‌ಎಂಎಸ್‌ನಲ್ಲಿ ಬಂದ ಲಿಂಕಿನಿಂದ ಬೇಡ.

ಫೋನ್ ಬದಲಿಸುವಾಗ, ಕಳೆದಾಗ

ದಸರೆ, ದೀಪಾವಳಿ ಮುಗಿದ ವಾರ ನಮಗೆ ಕೆಲಸ ಜಾಸ್ತಿ. ಕೊಪ್ಪಿಕರ್ ರೋಡಿನ ಅಂಗಡಿಗಳಲ್ಲಿ ಎಕ್ಸ್‌ಚೇಂಜ್ ಆಫರ್ ಇರುತ್ತದೆ. ಹಳೆಯ ಫೋನನ್ನು ಅಲ್ಲೇ ಅಳಿಸಿ ಕೊಟ್ಟು, ಹೊಸ ಪೆಟ್ಟಿಗೆ ಹಿಡಿದು ಮನೆಗೆ ಬರುತ್ತಾರೆ. ಸಿಮ್ ಹಾಕುತ್ತಾರೆ, ವಾಟ್ಸ್‌ಆ್ಯಪ್ ಬರುತ್ತದೆ, ಫೋಟೋ ಬರುತ್ತವೆ. ಟೋಕನ್ ಬರುವುದಿಲ್ಲ. ಸೀಡ್ ಹಳೆಯ ಫೋನಿನ ಜೊತೆ ಅಳಿಸಿ ಹೋಗಿರುತ್ತದೆ.

ಕ್ರಮ ಹೀಗಿರಲಿ. ಎರಡೂ ಫೋನ್ ಕೈಯಲ್ಲಿರುವಾಗಲೇ ಹಳೆಯ ಫೋನಿನ ಕೋಡ್ ಬಳಸಿ ನೋಂದಣಿ ಪುಟಕ್ಕೆ ಹೋಗಿ, ಹೊಸ ಫೋನಿಗೆ ಹೊಸ ಟೋಕನ್ ಹಾಕಿ. ಹೊಸ ಫೋನಿನ ಕೋಡಿನಿಂದ ಒಮ್ಮೆ ವಿಪಿಎನ್‌ಗೆ ಹೋಗಿ ಬನ್ನಿ. ಹೋದ ಮೇಲೆ ಪುಟದಲ್ಲಿ ಹಳೆಯ ಫೋನಿನ ಹೆಸರು ತೆಗೆಯಿರಿ. ಆಮೇಲೆ ಹಳೆಯದನ್ನು ಅಳಿಸಿ ಅಂಗಡಿಗೆ ಕೊಡಿ. ಗೂಗಲ್ ಅಥೆಂಟಿಕೇಟರ್‌ನಲ್ಲಿ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸುವ ವ್ಯವಸ್ಥೆ ಇದೆ, 2023ರಿಂದ ಗೂಗಲ್ ಖಾತೆಯಲ್ಲಿ ಉಳಿಸಿಕೊಳ್ಳುವುದೂ ಬಂದಿದೆ. ಆದರೆ ಆಫೀಸಿನ ಸೀಡನ್ನು ಸ್ವಂತ ಖಾತೆಯ ಕ್ಲೌಡಿನಲ್ಲಿ ಇಡಲು ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಕೇಳಿ ಮಾಡಿ. ನನ್ನನ್ನು ಕೇಳಿದರೆ ಹೊಸ ಫೋನಿಗೆ ಹೊಸ ಟೋಕನ್ ಹಾಕುವುದೇ ಒಳ್ಳೆಯದು. ಆರ್‌ಎಸ್‌ಎ ಟೋಕನ್ನನ್ನು ಒಂದೇ ಫೋನಿಗೆ ಕಟ್ಟಿಹಾಕಲು ಬರುತ್ತದೆ. ಹಾಗೆ ಮಾಡಿದ್ದರೆ ಹೊಸದನ್ನು ಐಟಿಯೇ ಕೊಡಬೇಕು.

ಕಂಪನಿ ಬ್ಯಾಕಪ್ ಕೋಡ್ (ಫೋನ್ ಇಲ್ಲದಾಗ ಬಳಸುವ ಕೋಡ್) ಕೊಟ್ಟಿದ್ದರೆ ಕಾಗದದ ಮೇಲೆ ಬರೆದು ಮನೆಯ ಕಪಾಟಿನಲ್ಲಿಡಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಟ್ಟರೆ ಬ್ಯಾಗ್ ಹೋದ ದಿನ ಎರಡೂ ಹೋಗುತ್ತವೆ.

ಇನ್ನು, ಫೋನನ್ನು ಚಿಗರಿ ಬಸ್ಸಿನಲ್ಲಿ ಬಿಟ್ಟು ಇಳಿದಿರಿ ಅಂತಿಟ್ಟುಕೊಳ್ಳಿ. ಎಲ್ಲರೂ ಮೊದಲು ಸಿಮ್ ಬ್ಲಾಕ್ ಮಾಡಿಸುತ್ತಾರೆ. ಬ್ಯಾಂಕಿನ ಓಟಿಪಿ ದೃಷ್ಟಿಯಿಂದ ಅದು ಬೇಕೇ ಬೇಕು. ಆದರೆ ಅದರಿಂದ ಸಾಫ್ಟ್ ಟೋಕನ್ ನಿಲ್ಲುವುದಿಲ್ಲ. ಕಳೆದ ಫೋನ್ ತಡೆಯಲು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿರುವ ಸಿಇಐಆರ್‌ನಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸಿದರೂ ನಿಲ್ಲುವುದಿಲ್ಲ. ಅದು ಫೋನನ್ನು ಮೊಬೈಲ್ ನೆಟ್‌ವರ್ಕಿನಿಂದ ದೂರ ಇಡುತ್ತದೆ, ಟೋಕನ್‌ಗೆ ನೆಟ್‌ವರ್ಕೇ ಬೇಡವಲ್ಲ. ಟೋಕನ್ ನಿಲ್ಲುವುದು ಸರ್ವರ್ ಕಡೆಯ ಪ್ರತಿಯನ್ನು ನಾವು ರದ್ದು ಮಾಡಿದಾಗ. ಹಾಗಾಗಿ ಯಾರದಾದರೂ ಫೋನ್ ಇಸ್ಕೊಂಡು ಹೆಲ್ಪ್‌ಡೆಸ್ಕಿಗೂ ಕೂಡಲೇ ಹೇಳಿ. ಪೊಲೀಸ್ ದೂರು, ಅದರ ಪ್ರತಿ ಇಟ್ಟು ಸಿಇಐಆರ್ ಅರ್ಜಿ, ಇವು ಆಮೇಲೆ. ಖಾತೆಯಿಂದ ಹಣ ಹೋಗಿದ್ದರೆ ಮಾತ್ರ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸಿಇಐಆರ್ ಅರ್ಜಿಗೆ ಐಎಂಇಐ ಬೇಕಾಗುತ್ತದೆ. ಈಗಲೇ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ ಅದನ್ನು ನೋಡಿ, ಎಲ್ಲಾದರೂ ಬರೆದಿಡಿ. ಹೆಲ್ಪ್‌ಡೆಸ್ಕ್ ನಂಬರನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಫೋನಿನಲ್ಲಷ್ಟೇ ಇದ್ದರೆ ಆ ಹೊತ್ತಿಗೆ ಸಿಗುವುದಿಲ್ಲ.

ಇಷ್ಟೆಲ್ಲ ನೋಡಿಯೂ ಕೋಡ್ ನಡೆಯದಿದ್ದರೆ ಫೋನ್ ಮಾಡಿ, ಸಂಕೋಚ ಬೇಡ. ಆಗ ಇಷ್ಟು ಕೈಯಲ್ಲಿರಲಿ: ಪರದೆಯ ಮೇಲೆ ಬಂದ ಸಂದೇಶ ಅಕ್ಷರಶಃ ಏನು, ಎಷ್ಟು ಗಂಟೆಗೆ ಬಂತು, ಪಾಸ್‌ವರ್ಡ್ ಕೊಟ್ಟ ಮೇಲೆ ಬಂತೋ ಕೋಡ್ ಕೊಟ್ಟ ಮೇಲೋ, ಮನೆಯ ವೈಫೈನಲ್ಲಿದ್ದೀರೋ ಹಾಟ್‌ಸ್ಪಾಟ್‌ನಲ್ಲೋ, ಇತ್ತೀಚೆಗೆ ಫೋನ್ ಅಥವಾ ಪಾಸ್‌ವರ್ಡ್ ಬದಲಿಸಿದ್ದೀರಾ. ಗಂಟೆ ಗೊತ್ತಿದ್ದರೆ ಸರ್ವರ್ ದಾಖಲೆಯಲ್ಲಿ ಆ ಸಾಲನ್ನು ಹುಡುಕಿ, ಪಾಸ್‌ವರ್ಡ್ ತಪ್ಪೋ, ಕೋಡ್ ತಪ್ಪೋ, ಖಾತೆ ಲಾಕ್ ಆಗಿದೆಯೋ ಎಂದು ನಾವು ಅಲ್ಲೇ ನೋಡಿ ಹೇಳಬಹುದು.